ತುಂಬಿದ ಹಗೇವು, ಬರಿದಾದ ಗುಡಾಣ

ಏಕಾದಶಿಯ ದಿನ ತೊಟ್ಟು ತೀರ್ಥದ ಹೊರತು ಬೇರೇನನ್ನೂ ಬಾಯಿಗೆ ಬಿಡದೆ, ಹೊತ್ತು ಮೂಡುವುದಕ್ಕೆ ಮೊದಲೇ ಎದ್ದು ಅಂಗಳ ಸಾರಿಸಿ, ದೇವಸ್ಥಾನಕ್ಕೆ ನಡೆದು ಹೋಗಿ ಪ್ರದಕ್ಷಿಣೆ ಬಂದು, ಸಂಜೆಯವರೆಗೂ ಮನೆಗೆಲಸವನ್ನು ಎಂದಿನಂತೆಯೇ ತೂಗಿಸಿಕೊಂಡು ಹೋಗುವ ವೃದ್ಧೆಯರನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ದಿನ ಅದೇ ಮನೆಯಲ್ಲಿ, ಅಜ್ಜಿಗಿಂತ ತಾನೇನು ಕಡಿಮೆಯೆಂದು ಉಪವಾಸ ಹಿಡಿದ ಮೊಮ್ಮಗನು, ಬಿಸಿಲೇರಿದ ಮೇಲೆ ಸೈಕಲ್ಲನ್ನೇರಿ ಹತ್ತು ಮೈಲಿಯಾಚೆಯ ಬೆಟ್ಟವನ್ನು ಹತ್ತಿಬರುವೆನೆಂದು ಹೊರಟನೆಂದರೆ, ಏರಿನ ಅರ್ಧದಲ್ಲಿ ಕೈ ನಡುಗಿ, ಕಣ್ಣು ಕತ್ತಲಿಟ್ಟು, ಮರದಡಿಯಲ್ಲಿ ಕುಳಿತುಬಿಡುತ್ತಾನೆ. ಹಸಿವಿನ ಲೆಕ್ಕದಲ್ಲಿ ಇಬ್ಬರೂ ಸಮಾನರು. ಮೈಯ ಕೊಬ್ಬಿನ ಲೆಕ್ಕ ತೆಗೆದರೆ ಮೊಮ್ಮಗನೇ ಸಿರಿವಂತನಿರಬಹುದು. ವಾರಗಟ್ಟಲೆ ಸಾಲುವಷ್ಟು ಇಂಧನವನ್ನು ಸೊಂಟದ ಸುತ್ತ ಕಟ್ಟಿಕೊಂಡಿರುವವನು ಒಂದೆರಡು ಹೊತ್ತಿನ ಅನ್ನ ತಪ್ಪಿದ ಮಾತ್ರಕ್ಕೆ ಕುಸಿಯುವುದೆಂತು?

ಈ ಒಗಟನ್ನು ಬಿಡಿಸಲು ನಾವು ಒಂದು ದೂರದ ಊರಿಗೆ ಹೋಗಿಬರಬೇಕಾಗಿದೆ.

ಎರಡು ಮೈಲಿ ಎತ್ತರದ ಊರು

ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ, ರಾಕಿ ಪರ್ವತಶ್ರೇಣಿಯ ನಡುವೆ, ಸಮುದ್ರಮಟ್ಟದಿಂದ 10,152 ಅಡಿ ಎತ್ತರದಲ್ಲಿ ಲೆಡ್‌ವಿಲ್ ಎಂಬ ಪುಟ್ಟ ಪಟ್ಟಣವಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಮೇಲೆ ಅದರ ಅರ್ಧಕ್ಕೂ ಮಿಗಿಲಾದ ಇನ್ನೊಂದು ಗಿರಿಯನ್ನು ಪೇರಿಸಿದರೆ ಆ ಊರಿನ ಬೀದಿಯ ಮಟ್ಟಕ್ಕೆ ಬರುತ್ತೇವೆ. ಬೆಳ್ಳಿಯ ಗಣಿಗಳಿಂದ ಹುಟ್ಟಿ, ಬಳಿಕ ನೆರೆಯ ಕ್ಲೈಮ್ಯಾಕ್ಸ್ ಎಂಬಲ್ಲಿನ ಮಾಲಿಬ್ಡಿನಂ ಗಣಿಯನ್ನು ನಂಬಿ ಬದುಕುತ್ತಿದ್ದ ಊರದು. 1980ರ ದಶಕದ ಆದಿಯಲ್ಲಿ ಆ ಗಣಿಯ ಕೆಲಸ ನಿಂತು ಸಾವಿರಾರು ಮನೆಗಳ ಒಲೆ ತಣ್ಣಗಾದಾಗ, ಗಣಿಯಲ್ಲಿ ದುಡಿದಿದ್ದ ಕೆನ್ ಕ್ಲೌಬರ್ ಎಂಬುವನು ಹೊರಗಿನ ಜನರನ್ನು ಊರಿಗೆ ಕರೆತಂದು ಒಂದೆರಡು ರಾತ್ರಿಯಾದರೂ ತಂಗುವಂತೆ ಮಾಡಬೇಕೆಂದು ಆಲೋಚಿಸಿ, 1983ರಲ್ಲಿ ನೂರು ಮೈಲಿಯ ಕಾಲೋಟದ ಸ್ಪರ್ಧೆಯೊಂದನ್ನು ಹೂಡಿದನು. 1994ರಲ್ಲಿ ಅದೇ ಬೆಟ್ಟಗಳಲ್ಲಿ ಮೌಂಟನ್ ಬೈಕುಗಳ ಸ್ಪರ್ಧೆಯೂ ಸೇರಿತು. ಅನ್ನ ತಪ್ಪಿದ ಊರೊಂದು ಅನ್ನಕ್ಕಾಗಿ ಹೂಡಿದ ಆಟವು ಮನುಷ್ಯದೇಹದ ಅನ್ನದ ಲೆಕ್ಕವನ್ನೇ ಪರೀಕ್ಷಿಸುವ ಶಾಲೆಯಾಗಿ ಪರಿಣಮಿಸಿದ್ದು ನನಗೆ ಒಂದು ವಿನೋದವಾಗಿ ತೋರುತ್ತದೆ.

ದಾರಿಯು ಹೋಗಿ ಅದೇ ಜಾಡಿನಲ್ಲಿ ಮರಳುವಂಥದು. ಹೆಸರಿಗೆ ನೂರು ಮೈಲಿ, ಅಳೆದರೆ ತುಸು ಹೆಚ್ಚು. ನಟ್ಟನಡುವೆ, ಹಿಂದಿರುಗಬೇಕಾದ ತಾಣವಾಗಿ, 12,400 ಅಡಿಗಳಿಗೂ ಮೀರಿದ ಎತ್ತರದಲ್ಲಿ ಕೊಲಂಬೈನ್ ಎಂಬ ಹಳೆಯ ಗಣಿಯ ಬಯಲು. ಮರಗಳು ಕೂಡ ಬೆಳೆಯಲೊಲ್ಲದ ಆ ನೆತ್ತಿಯಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಮೂರನೆಯ ಎರಡು ಪಾಲಿಗಿಂತಲೂ ಕಡಿಮೆ. ಮರಳಿ ಬರುವಾಗ, ಎಂಬತ್ತನೆಯ ಮೈಲಿಯ ಸುಮಾರಿಗೆ, ವಿದ್ಯುತ್ತಂತಿಗಳ ಸಾಲಿನಡಿಯಲ್ಲಿ ಗೋಡೆಯಂತೆ ಎದ್ದುನಿಂತ ಪವರ್‌ಲೈನ್ ಎಂಬ ಏರು ಎದುರಾಗುತ್ತದೆ. ಅದರ ಕಡಿದಾದ ಮೊದಲ ಭಾಗದಲ್ಲಿ ಹೆಚ್ಚಿನವರು ಸೈಕಲ್ಲಿಂದಿಳಿದು ತಳ್ಳುತ್ತಾರೆ.

ಬೆಲ್ಟಿನ ಬಕಲ್ಲು

ಹನ್ನೆರಡು ಗಂಟೆಗಳೊಳಗೆ ಮುಗಿಸಿದವರಿಗೆ ಸೊಂಟಪಟ್ಟಿಗೆ ತೊಡಿಸುವ ಬೆಳ್ಳಿಬಣ್ಣದ ಬಕಲ್ಲೊಂದು ದೊರೆಯುತ್ತದೆ. ಒಂಬತ್ತು ಗಂಟೆಗಳೊಳಗೆ ಮುಗಿಸಿದವರಿಗೆ ಅದಕ್ಕಿಂತ ದೊಡ್ಡದಾದ, ಹೊಂಬಣ್ಣ ಬೆರೆತ ಬಕಲ್ಲು. ಗೆಲ್ಲುವವರು ಏಳು ಗಂಟೆಯೊಳಗೇ ಮುಗಿಸಿ ಮೈ ತೊಳೆದುಕೊಂಡಿರುತ್ತಾರೆ. ಅವರ ಕಥೆ ಬೇರೆ. ಉಳಿದ ನೂರಾರು ಮಂದಿಗೆ ಎದುರಾಳಿಯೆಂಬುವನೇ ಇಲ್ಲ, ಇರುವುದು ಗಡಿಯಾರವೊಂದೆ. ಅಂಗೈಯಗಲದ ಲೋಹದ ತುಂಡಿಗಾಗಿ ವರ್ಷವಿಡೀ ಬೆಳಗಿನ ನಿದ್ದೆಯನ್ನು ಬಿಟ್ಟು ತಾಲೀಮು ನಡೆಸುವ ಗುಮಾಸ್ತರನ್ನೂ ಉಪಾಧ್ಯಾಯರನ್ನೂ ಕಂಡು ನಗುವವರು ನಗಬಹುದು. ನಾನು ನಗಲಾರೆ. ಯಾರೂ ಕೇಳದಿದ್ದರೂ ತನಗೆ ತಾನೇ ಒಂದು ಅಳತೆಗೋಲನ್ನು ನೆಟ್ಟುಕೊಳ್ಳುವುದು ಮನುಷ್ಯನ ವಿಚಿತ್ರಗಳಲ್ಲಿ ನಿರಪಾಯಕರವಾದುದು. ಹಲವು ಸಲ ಉಪಕಾರಿಯೂ ಅಹುದು.

ಇಂತಹ ಒಬ್ಬ ಸವಾರನ ಸೈಕಲ್ಲನ್ನು ಹತ್ತಿರ ಹೋಗಿ ನೋಡಿದರೆ ಅದರ ಅಡ್ಡಬಾರಿನ ಮೇಲೆ ಪಾರದರ್ಶಕ ಟೇಪಿನಿಂದ ಅಂಟಿಸಿದ ಕಾಗದದ ಪಟ್ಟಿಯೊಂದು ಕಾಣುತ್ತದೆ. ಪೈಪ್‌ಲೈನ್, ಟ್ವಿನ್ ಲೇಕ್ಸ್, ಕೊಲಂಬೈನ್, ಮತ್ತೆ ಟ್ವಿನ್ ಲೇಕ್ಸ್, ಮತ್ತೆ ಪೈಪ್‌ಲೈನ್ ಎಂದು ತಾಣಗಳ ಹೆಸರುಗಳು. ಪ್ರತಿಯೊಂದರ ಎದುರಿಗೂ ಒಂಬತ್ತು ಗಂಟೆಯ ಗುರಿ ಕೈತಪ್ಪದಿರಬೇಕಾದರೆ ಯಾವ ಹೊತ್ತಿಗೆ ಅದನ್ನು ದಾಟಿರಬೇಕೆಂಬ ಅಂಕಿ. ಬೆವರಿನಿಂದ ಶಾಯಿ ಹರಡಿರುತ್ತದೆ. ಈ ಚೀಟಿಯಲ್ಲಿಯೇ ನಮ್ಮ ಒಗಟಿನ ಎರಡನೆಯ ರೂಪ ಅಡಗಿದೆ. ಮೊದಲ ತಾಣದಲ್ಲಿ ಚೀಟಿಗಿಂತ ಐದು ನಿಮಿಷ ಮುಂದೆ, ಎರಡನೆಯದರಲ್ಲಿ ಎಂಟು ನಿಮಿಷ ಮುಂದೆ ಎಂದು ಹಿಗ್ಗುತ್ತ ಹೋದವನೇ, ಪವರ್‌ಲೈನಿನ ಬುಡದಲ್ಲಿ ಕಾಲು ಸೋತು ಕುಳಿತು, ಗಳಿಸಿದ್ದ ಎಂಟು ನಿಮಿಷಗಳ ಜೊತೆಗೆ ಇನ್ನೊಂದು ಗಂಟೆಯನ್ನೂ ದಂಡ ತೆರುತ್ತಾನೆ. ಕೂಡಿಟ್ಟ ನಿಮಿಷಗಳು ಹೋದದ್ದೆಲ್ಲಿಗೆ?

ಎರಡು ಉಗ್ರಾಣಗಳು

ಬಯಲುಸೀಮೆಯ ಹಳೆಯ ಮನೆಗಳಲ್ಲಿ ಧಾನ್ಯವನ್ನಿಡಲು ಎರಡು ಎಡೆಗಳಿದ್ದವು. ನೆಲದಡಿಯಲ್ಲಿ ತೋಡಿದ ಹಗೇವು ಒಂದು; ಅದರಲ್ಲಿ ಪಲ್ಲಗಟ್ಟಲೆ ರಾಗಿ ವರುಷಗಳ ಕಾಲ ಕೆಡದೆ ಉಳಿಯುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಗುಡಾಣ ಇನ್ನೊಂದು; ಅದರಲ್ಲಿದ್ದುದು ಕೆಲವೇ ದಿನಗಳ ಪಾಡು. ಗುಡಾಣದಿಂದ ಬೇಕೆಂದಾಗ ಕೈಯಿಕ್ಕಿ ಬೊಗಸೆ ತುಂಬಿಕೊಳ್ಳಬಹುದು. ಹಗೇವಾದರೋ ಹಾಗಲ್ಲ. ಮೇಲಿನ ಮಣ್ಣು ಸರಿಸಿ, ಚಪ್ಪಡಿಯೆತ್ತಿ, ಒಳಗೆ ಕವಿದ ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪವನ್ನಿಳಿಸಿ ನೋಡಿ, ಆಮೇಲೆ ಆಳೊಬ್ಬನನ್ನಿಳಿಸಿ, ಕುಕ್ಕೆ ಕುಕ್ಕೆಯಾಗಿ ಮೇಲಕ್ಕೆ ಸೇದಬೇಕು. ಬಾಯಿ ಒಂದೇ, ಅದೂ ಕಿರಿದು. ಮನೆಗೆ ನೂರು ಮಂದಿ ನೆಂಟರು ಬಂದಿಳಿದರೂ ಕುಕ್ಕೆಯ ವೇಗ ಹೆಚ್ಚದು.

ನಮ್ಮ ದೇಹದಲ್ಲಿಯೂ ಇವೆರಡೂ ಇವೆ. ಕೊಬ್ಬು ಹಗೇವು. ತೆಳ್ಳನೆಯ ಸವಾರನ ಮೈಯಲ್ಲಿಯೂ ಹತ್ತು ಕಿಲೋಗ್ರಾಮಿನಷ್ಟು ಕೊಬ್ಬಿದ್ದರೆ, ಅದರಲ್ಲಿ ಎಪ್ಪತ್ತು ಸಾವಿರಕ್ಕೂ ಮಿಗಿಲಾದ ಕಿಲೋಕ್ಯಾಲೊರಿಗಳಷ್ಟು ಶಕ್ತಿ ನಿಕ್ಷೇಪವಾಗಿರುತ್ತದೆ. ಲೆಡ್‌ವಿಲ್ಲಿನ ಸ್ಪರ್ಧೆಗೆ ಬೇಕಾದುದು ಸುಮಾರು ಐದು ಸಾವಿರವಷ್ಟೆ. ಗುಡಾಣವೆಂದರೆ ಸ್ನಾಯುಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಸಕ್ಕರೆಯ ಕಣಗಳು ಕೊಂಬೆಕೊಂಬೆಯಾಗಿ ಹೆಣೆದುಕೊಂಡು ಆದ ವಸ್ತು. ಶಾಸ್ತ್ರಜ್ಞರು ಇದನ್ನು ಗ್ಲೈಕೋಜನ್ ಎಂದು ಕರೆಯುತ್ತಾರೆ. ನಾವು ಕೂಡುಸಕ್ಕರೆ ಎನ್ನೋಣ. ಚೆನ್ನಾಗಿ ಉಂಡ ಆರೋಗ್ಯವಂತನಲ್ಲಿ ಎಲ್ಲ ಸ್ನಾಯುಗಳದೂ ಸೇರಿ ನಾನ್ನೂರು ಗ್ರಾಮಿನ ಆಸುಪಾಸು, ಪಿತ್ತಜನಕಾಂಗದಲ್ಲಿ ನೂರು ಗ್ರಾಂ; ಒಟ್ಟು ಎರಡು ಸಾವಿರ ಕಿಲೋಕ್ಯಾಲೊರಿ. ನೆತ್ತರಿನಲ್ಲಿ ಹರಿದಾಡುವ ಸಕ್ಕರೆಯೋ, ಒಂದು ಚಹದ ಚಮಚದಷ್ಟು.

ಹಗೇವು ತುಂಬಿದ್ದೂ ಅಡುಗೆ ನಿಲ್ಲುವುದು ಸಾಧ್ಯ. ಏನು ಕೂಡಿಟ್ಟಿದೆ ಎಂಬುದಕ್ಕಿಂತ, ಒಂದು ಗಳಿಗೆಗೆ ಎಷ್ಟು ಹೊರಬರಬಲ್ಲುದು ಎಂಬುದೇ ಇಲ್ಲಿ ನಿರ್ಣಾಯಕ.

ಒಂದೇ ಸೈಕಲ್ಲು, ಇಬ್ಬರು ವಿದ್ವಾಂಸರು

ಗುಡಾಣದ ವಿಚಾರ ತಿಳಿದದ್ದು ಒಂದು ಸೊಗಸಾದ ಪ್ರಯೋಗದಿಂದ. ಸ್ವೀಡನ್ನಿನ ಯೋನಾಸ್ ಬೆರ್ಗ್‌ಸ್ಟ್ರಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ಇಬ್ಬರು ವೈದ್ಯರು, ಸ್ನಾಯುವಿನೊಳಗಿಂದ ಅಕ್ಕಿಕಾಳಿನಷ್ಟು ಮಾಂಸವನ್ನು ಟೊಳ್ಳು ಸೂಜಿಯಿಂದ ತೆಗೆದು ಪರೀಕ್ಷಿಸುವ ಉಪಾಯವನ್ನು ಕೈವಶಮಾಡಿಕೊಂಡಿದ್ದರು. 1966ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಪಾತ್ರಧಾರಿಗಳು ತಾವೇ. ನೆಲಕ್ಕೆ ನಿಲ್ಲಿಸಿದ ಒಂದೇ ಸೈಕಲ್ಲಿನ ಎರಡು ಪಕ್ಕಗಳಲ್ಲಿ ಒಬ್ಬೊಬ್ಬರು ಕುಳಿತು, ತಲಾ ಒಂದೊಂದು ಕಾಲಿನಿಂದ ಪೆಡಲನ್ನು ಆ ಕಾಲು ಸೋತುಹೋಗುವವರೆಗೂ ತುಳಿದರು; ಮತ್ತೊಂದು ಕಾಲು ಸುಮ್ಮನಿತ್ತು. ಆಮೇಲೆ ಎರಡೂ ತೊಡೆಗಳಿಗೆ ಸೂಜಿ. ದುಡಿದ ಕಾಲಿನ ಗುಡಾಣ ಹೆಚ್ಚುಕಡಿಮೆ ಬರಿದಾಗಿತ್ತು. ದುಡಿಯದ ಕಾಲಿನದು ಹಾಗೆಯೇ ತುಂಬಿತ್ತು. ಪಿಷ್ಟ ಹೆಚ್ಚಾಗಿರುವ ಆಹಾರವನ್ನು ಮೂರು ದಿನ ಉಂಡ ಮೇಲೆ ನೋಡಿದರೆ, ಬರಿದಾಗಿದ್ದ ಕಾಲು ಮೊದಲಿನ ಮಟ್ಟಕ್ಕೆ ಬಂದು ನಿಲ್ಲದೆ ಅದರ ಎರಡರಷ್ಟನ್ನು ತುಂಬಿಕೊಂಡಿತ್ತು. ವಿಶ್ರಾಂತವಾಗಿದ್ದ ಕಾಲಿನಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯಿರಲಿಲ್ಲ. ಸ್ಪರ್ಧೆಗೆ ಮುನ್ನಿನ ದಿನಗಳಲ್ಲಿ ಸವಾರರು ಅನ್ನವನ್ನೋ ಪಾಸ್ತವನ್ನೋ ತಟ್ಟೆಗಟ್ಟಲೆ ಉಣ್ಣುವ ಪದ್ಧತಿಗೆ ಮೂಲ ಈ ಎರಡು ತೊಡೆಗಳು.

ಸ್ನಾಯುವಿನ ಈ ಜಿಪುಣತನವನ್ನು ಗಮನಿಸಬೇಕು. ಬಲಗಾಲು ಹಸಿದು ಬಿದ್ದರೂ ಪಕ್ಕದ ಎಡಗಾಲು ತನ್ನ ಗುಡಾಣದಿಂದ ಒಂದು ಕಾಳನ್ನೂ ನೇರವಾಗಿ ಸಾಲ ಕೊಡದು. ಕೂಡುಸಕ್ಕರೆಯನ್ನು ಬಿಡಿಸಿ ನೆತ್ತರಿಗೆ ಬಿಡಲು ಬೇಕಾದ ಕೀಲಿಕೈ ಸ್ನಾಯುವಿನಲ್ಲಿಲ್ಲ. ಆ ಕೀಲಿಕೈ ಇರುವುದು ಪಿತ್ತಜನಕಾಂಗದಲ್ಲಿ. ಊರಿಗೆಲ್ಲ ಪಡಿ ಅಳೆದುಕೊಡುವ ಧರ್ಮಛತ್ರ ಅದು; ಆದರೆ ಅದರ ಬಂಡವಾಳ ನೂರೇ ಗ್ರಾಂ. ಅದರ ಮೊದಲ ಗಿರಾಕಿ ಮೆದುಳು. ಕೊಬ್ಬನ್ನು ನೇರವಾಗಿ ಉರಿಸಿಕೊಳ್ಳಲಾರದ ಆ ಅಂಗವು ದಿನಕ್ಕೆ ಸುಮಾರು 120 ಗ್ರಾಂ ಸಕ್ಕರೆಯನ್ನು ತಪ್ಪದೆ ಕೇಳುತ್ತದೆ.

ಛತ್ರ ಬರಿದಾದರೆ ಏನಾಗುವುದೆಂಬುದನ್ನು 1924ರಲ್ಲಿ ಬಾಸ್ಟನ್ ನಗರದ ವೈದ್ಯರು ಕಂಡಿದ್ದರು. ಅಲ್ಲಿನ ಮ್ಯಾರಥಾನ್ ಓಟವನ್ನು ಮುಗಿಸಿ ಬಂದವರ ನೆತ್ತರನ್ನು ಪರೀಕ್ಷಿಸಿದಾಗ, ಬಿಳಿಚಿಕೊಂಡು, ನಡುಗುತ್ತ, ಮಾತಿಗೆ ಸರಿಯಾಗಿ ಉತ್ತರಿಸಲಾರದೆ ನಿಂತಿದ್ದವರಲ್ಲಿ ಸಕ್ಕರೆ ತೀರ ಕೆಳಗಿಳಿದಿತ್ತು. ಆಗತಾನೆ ಬಳಕೆಗೆ ಬಂದಿದ್ದ ಇನ್ಸುಲಿನ್ನನ್ನು ಅಳತೆಮೀರಿ ಕೊಟ್ಟಾಗ ರೋಗಿಗಳಲ್ಲಿ ಕಾಣುತ್ತಿದ್ದ ಚಿಹ್ನೆಗಳೇ ಅವು. ಮರುವರ್ಷ ಓಟಗಾರರಿಗೆ ದಾರಿಯಲ್ಲಿ ಮಿಠಾಯಿ ಹಂಚಲಾಗಿ, ಆ ಅವಸ್ಥೆ ಬಹಳ ಮಟ್ಟಿಗೆ ತಪ್ಪಿತು. ಸೈಕಲ್ ಸವಾರರು ಇದಕ್ಕೆ ಬಾಂಕ್ ಎನ್ನುತ್ತಾರೆ.

ಇಷ್ಟು ಹೇಳಿದ ಮೇಲೆ, ಬೆಟ್ಟದ ದಾರಿಯಲ್ಲಿ ಮರದಡಿ ಕುಳಿತ ಮೊಮ್ಮಗನು ನಾನೇ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸೈಕಲ್ಲನ್ನು ಬೇಲಿಗೊರಗಿಸಿದ್ದು ನೆನಪಿದೆ. ಎಷ್ಟು ಹೊತ್ತು ಕುಳಿತಿದ್ದೆನೆಂಬುದು ನೆನಪಿಲ್ಲ.

ಉಸಿರಿನ ತೆರಿಗೆ

ಇನ್ನು ಒಲೆಯ ಕಡೆಗೆ ತಿರುಗೋಣ. ಸ್ನಾಯುವಿನ ಒಂದೊಂದು ಜೀವಕಣದಲ್ಲಿಯೂ ಇಂಧನವನ್ನು ಆಮ್ಲಜನಕದೊಡನೆ ಉರಿಸುವ ಸೂಕ್ಷ್ಮ ಒಲೆಗಳಿವೆ. ಮೈಟೊಕಾಂಡ್ರಿಯ ಎಂಬುದು ಅವುಗಳ ಪಂಡಿತನಾಮ, ಕಣದೊಲೆಗಳೆಂದರೆ ಸಾಕು. ಇವು ಕೊಬ್ಬನ್ನೂ ಉರಿಸಬಲ್ಲವು, ಸಕ್ಕರೆಯನ್ನೂ ಉರಿಸಬಲ್ಲವು. ನಿಧಾನವಾಗಿ ನಡೆಯುವಾಗ ಉರಿ ಹೆಚ್ಚಾಗಿ ಕೊಬ್ಬಿನದೇ. ವೇಗವೇರಿದಂತೆ ಕೊಬ್ಬಿನ ಉರಿಯೂ ಒಂದು ಮಟ್ಟದವರೆಗೆ ಏರುತ್ತದೆ. ತಾಲೀಮು ಮಾಡಿದ ಸವಾರನಲ್ಲಿ ಅದು ಗಂಟೆಗೆ ಮೂವತ್ತು ಗ್ರಾಮಿನ ಆಸುಪಾಸಿಗೆ ಬರುತ್ತದೆ. ಅಲ್ಲಿಂದಾಚೆಗೆ ಇನ್ನೂ ಒತ್ತಿ ತುಳಿದರೆ, ಏರುವುದಿರಲಿ, ಇಳಿಯುತ್ತದೆ: ಸಕ್ಕರೆಯ ದಹನವು ಭರದಿಂದ ಸಾಗತೊಡಗಿದಾಗ ಕೊಬ್ಬನ್ನು ಕಣದೊಲೆಯೊಳಕ್ಕೆ ದಾಟಿಸುವ ಬಾಗಿಲು ಇಕ್ಕಟ್ಟಾಗುತ್ತದೆ. ನೆಂಟರ ಗದ್ದಲದಲ್ಲಿ ಹಗೇವಿನ ಬಾಯಿಯ ಮೇಲೆಯೇ ಯಾರೋ ಚಾಪೆ ಹಾಸಿ ಕುಳಿತಂತೆ.

ಎತ್ತರದ ಊರಿನಲ್ಲಿ ಇದಕ್ಕೊಂದು ಕ್ರೂರವಾದ ತಿರುವಿದೆ. ಒಂದೇ ಅಳತೆಯ ಆಮ್ಲಜನಕಕ್ಕೆ ಸಕ್ಕರೆಯು ಕೊಬ್ಬಿಗಿಂತ ನೂರಕ್ಕೆ ಏಳೆಂಟರಷ್ಟು ಹೆಚ್ಚು ಶಕ್ತಿಯನ್ನು ಕೊಡುತ್ತದೆ. ಅದಲ್ಲದೆ ತೆಳುಗಾಳಿಯಲ್ಲಿ ಸವಾರನ ಪರಮಸಾಮರ್ಥ್ಯವೇ ಕುಗ್ಗುವುದರಿಂದ, ತಗ್ಗಿನ ಊರಿನಲ್ಲಿ ಹಗುರವೆನಿಸುತ್ತಿದ್ದ ತುಳಿತವು ಇಲ್ಲಿ ಕುಗ್ಗಿದ ಆ ಸಾಮರ್ಥ್ಯದ ದೊಡ್ಡ ಪಾಲನ್ನೇ ನುಂಗುತ್ತದೆ. ಕಾಲಿಗೆ ಅದೇ ವೇಗ. ಕಣದೊಲೆಗೆ ಅದು ಅವಸರ. ಆದುದರಿಂದ ದೇಹವು, ತಾನು ಕೈಬಿಗಿಹಿಡಿದು ಬಳಸಬೇಕಾದ ಗುಡಾಣಕ್ಕೇ ಮತ್ತೆ ಮತ್ತೆ ಕೈಯಿಕ್ಕುತ್ತದೆ.

ಮನೆವಾರ್ತೆಯ ಲೆಕ್ಕ

ಈಗ ಇಬ್ಬರು ಸವಾರರ ಲೆಕ್ಕವನ್ನು ದಪ್ಪ ಅಂಕಿಗಳಲ್ಲಿ, ಕೇವಲ ದೃಷ್ಟಾಂತಕ್ಕಾಗಿ, ಬರೆದು ನೋಡೋಣ. ಮೊದಲನೆಯವನು ಗಂಟೆಗೆ ಆರುನೂರು ಕಿಲೋಕ್ಯಾಲೊರಿ ವೆಚ್ಚವಾಗುವ ಹದದಲ್ಲಿ ತುಳಿಯುತ್ತಾನೆ. ಹಗೇವಿನಿಂದ ಇನ್ನೂರೈವತ್ತು ಬರುತ್ತದೆ. ದಾರಿಯಲ್ಲಿ ತಿಂದು ಕುಡಿದದ್ದರಿಂದ ಇನ್ನೂರನಲವತ್ತು. ಗುಡಾಣದ ಮೇಲೆ ಬೀಳುವ ಹೊರೆ ನೂರಹತ್ತು ಮಾತ್ರ. ಒಂಬತ್ತು ಗಂಟೆಗಳಿಗೆ ಸಾವಿರದ ಹತ್ತಿರ. ಇದ್ದ ಎರಡು ಸಾವಿರದಲ್ಲಿ ಅರ್ಧವನ್ನು ಉಳಿಸಿಕೊಂಡೇ ಊರು ಸೇರುತ್ತಾನೆ.

ಎರಡನೆಯವನು ಚೀಟಿಗಿಂತ ಮುಂದಿರಬೇಕೆಂಬ ಆತುರದಲ್ಲಿ ಗಂಟೆಗೆ ಎಂಟುನೂರನ್ನು ವೆಚ್ಚಮಾಡುತ್ತಾನೆ. ಹೆಚ್ಚಿದ್ದು ಇನ್ನೂರಷ್ಟೆ, ಅಂದರೆ ಮೂರರಲ್ಲೊಂದು ಪಾಲು ಎಂದು ತೋರುತ್ತದೆ. ಆದರೆ ಹಗೇವಿನ ಬಾಯಿ ಕಿರಿದಾಗಿ ಅಲ್ಲಿಂದ ಬರುವುದು ನೂರೈವತ್ತಕ್ಕಿಳಿಯಿತು; ರಕ್ತವೆಲ್ಲ ಕಾಲುಗಳತ್ತ ಧಾವಿಸಿ ಹೊಟ್ಟೆ ಮುನಿಸಿಕೊಂಡುದರಿಂದ ತಿಂದದ್ದು ಇನ್ನೂರಕ್ಕಿಂತ ಹೆಚ್ಚು ದಕ್ಕಲಿಲ್ಲ. ಉಳಿದ ನಾನ್ನೂರೈವತ್ತೂ ಗುಡಾಣದ ತಲೆಯ ಮೇಲೆ. ವೆಚ್ಚ ಏರಿದ್ದು ಮೂರರಲ್ಲೊಂದು ಪಾಲಾದರೆ ಗುಡಾಣ ಕರಗುವ ವೇಗ ನಾಲ್ಕರಷ್ಟಾಯಿತು! ನಾಲ್ಕೂವರೆ ಗಂಟೆ ಮುಟ್ಟುವಷ್ಟರಲ್ಲಿ ಅದು ಬರಿದು. ಅಷ್ಟುಹೊತ್ತಿಗೆ ಅವನು ಕೊಲಂಬೈನಿನ ನೆತ್ತಿಯನ್ನು ಮುಟ್ಟಿ ಇಳಿಯುತ್ತಿರುತ್ತಾನೆ. ಇಳಿಜಾರಿನಲ್ಲಿ ಕಾಲಿಗೆ ಕೆಲಸವಿಲ್ಲದ್ದರಿಂದ ಆಪತ್ತು ತಿಳಿಯುವುದಿಲ್ಲ. ತಿಳಿಯುವುದು ಪವರ್‌ಲೈನಿನಲ್ಲಿ. ಅಲ್ಲಿಂದ ಮುಂದೆ ಹಗೇವಿನ ಕುಕ್ಕೆ ಎಷ್ಟನ್ನು ಮೇಲೆತ್ತುವುದೋ, ಬಾಯಿಗೆ ಎಷ್ಟು ಬೀಳುವುದೋ ಅಷ್ಟೇ ಅವನ ಸಂಪತ್ತು. ಅಂದರೆ ಏಕಾದಶಿಯ ಅಜ್ಜಿಯ ನಡಿಗೆ. ಅಜ್ಜಿಯ ರಹಸ್ಯವೂ ಇದೇ: ಆಕೆ ದಿನವಿಡೀ ಹಗೇವಿನ ಕುಕ್ಕೆಯ ವೇಗವನ್ನು ಒಮ್ಮೆಯಾದರೂ ಮೀರಿದವಳಲ್ಲ.

ಹಗೇವಿನ ಬಾಯನ್ನು ಅಗಲಿಸಲು ಸಾಧ್ಯವೇ ಇಲ್ಲವೆಂದಲ್ಲ. 1967ರಲ್ಲಿ ಜಾನ್ ಹಾಲೊಸಿ ಎಂಬ ಅಮೆರಿಕದ ವಿಜ್ಞಾನಿಯು ವಾರಗಟ್ಟಲೆ ಓಡಿಸಿದ ಇಲಿಗಳ ಕಾಲಿನಲ್ಲಿ ಕಣದೊಲೆಗಳ ದಹನಸಾಮರ್ಥ್ಯ ಇಮ್ಮಡಿಯಾದುದನ್ನು ತೋರಿಸಿದನು. ಒಲೆಗಳು ಹೆಚ್ಚಿದಷ್ಟೂ ಅದೇ ವೇಗದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಸವಾರರು ತಿಂಗಳುಗಟ್ಟಲೆ, ಮಾತಾಡಿಕೊಂಡು ಹೋಗಬಹುದಾದಷ್ಟು ನಿಧಾನದಲ್ಲಿ, ಗಂಟೆಗಟ್ಟಲೆ ತುಳಿಯುವುದು ಇದಕ್ಕಾಗಿಯೇ. ನೋಡುವವರಿಗೆ ಅದು ಸೋಮಾರಿತನವಾಗಿ ಕಾಣುವುದುಂಟು.

ಎರಡು ಬಾಗಿಲು, ಒಂದು ಬೆಲ್ಲದ ಚೂರು

ಹಾಗಾದರೆ ದಾರಿಯಲ್ಲಿ ಬೇಕಾದಷ್ಟು ತಿಂದುಬಿಡಬಾರದೇಕೆ ಎಂದು ಕೇಳಬಹುದು. ಕರುಳಿಗೂ ತನ್ನ ಬಾಗಿಲಿನ ಅಗಲವೊಂದಿದೆ. ಗ್ಲೂಕೋಸನ್ನು ನೆತ್ತರಿಗೆ ದಾಟಿಸುವ ಬಾಗಿಲಿನಲ್ಲಿ ಗಂಟೆಗೆ ಅರವತ್ತು ಗ್ರಾಮಿಗಿಂತ ಬಹಳ ಹೆಚ್ಚು ಹಾಯದು. ಮಿಕ್ಕದ್ದು ಹೊಟ್ಟೆಯಲ್ಲಿಯೇ ನಿಂತು ಕಲಕುತ್ತದೆ. ಆದರೆ ಹಣ್ಣುಸಕ್ಕರೆಯಾದ ಫ್ರಕ್ಟೋಸಿಗೆ ಬೇರೆಯದೇ ಬಾಗಿಲು. ಎರಡನ್ನೂ ಬೆರೆಸಿ ಕೊಟ್ಟರೆ ಗಂಟೆಗೆ ತೊಂಬತ್ತು ಗ್ರಾಮಿನವರೆಗೆ ದಾಟಿಸಬಹುದೆಂದು ಈ ಶತಮಾನದ ಪ್ರಯೋಗಗಳು ತೋರಿಸಿವೆ. ನಮ್ಮ ಬೆಲ್ಲದಲ್ಲಿ ಹೆಚ್ಚಿನ ಅಂಶ ಕಬ್ಬಿನ ಸಕ್ಕರೆ. ಅದರ ಒಂದೊಂದು ಅಣುವೂ ಗ್ಲೂಕೋಸಿನ ಅರ್ಧ, ಫ್ರಕ್ಟೋಸಿನ ಅರ್ಧ ಕೂಡಿ ಆದದ್ದು. ಬಿಸಿಲಿನಲ್ಲಿ ನಡೆದು ಬಂದವನ ಮುಂದೆ ಬೆಲ್ಲವನ್ನೂ ನೀರನ್ನೂ ಇರಿಸುತ್ತಿದ್ದ ಗೃಹಿಣಿಗೆ ಈ ಬಾಗಿಲುಗಳ ಸುದ್ದಿ ತಿಳಿದಿರಲಿಲ್ಲ. ಆದರೂ ಆಕೆ ಎರಡನ್ನೂ ತಟ್ಟುತ್ತಿದ್ದಳು.

ನಾನು ಮರದಡಿ ಕುಳಿತಿದ್ದಾಗ, ತಲೆಯ ಮೇಲೆ ಕಡಲೆಕಾಯಿಯ ಬುಟ್ಟಿ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ, "ಯಾಕಪ್ಪಾ, ಉಂಡಿಲ್ವಾ?" ಎಂದು ಕೇಳಿ, ಸೆರಗಿನ ಗಂಟು ಬಿಚ್ಚಿ ಹೆಬ್ಬೆರಳಿನಷ್ಟು ಬೆಲ್ಲವನ್ನು ಅಂಗೈಯಲ್ಲಿಟ್ಟಳು. ಏಕಾದಶಿಯೆಂದು ಹೇಳುವ ತ್ರಾಣವೂ ಇರಲಿಲ್ಲ. ಬಾಯಿಗೆ ಹಾಕಿಕೊಂಡೆ. ಅದು ಕರಗಿ ಮುಗಿಯುವುದರೊಳಗೆ, ಬಹುಶಃ ಒಂದೇ ನಿಮಿಷದಲ್ಲಿ, ಬೇಲಿಯೂ ಸೈಕಲ್ಲೂ ತಮ್ಮ ತಮ್ಮ ಸ್ಥಾನಗಳಲ್ಲಿ ನೆಟ್ಟಗೆ ಕಾಣತೊಡಗಿದುವು. ನಾನು ಎದ್ದು ನಿಂತೆ.

ಬಹುಕಾಲ ಈ ಅನುಭವವನ್ನು ಸಕ್ಕರೆಯು ನೆತ್ತರಿಗಿಳಿದುದರ ಫಲವೆಂದೇ ನಂಬಿದ್ದೆ. ಆದರೆ ಜಠರವನ್ನು ದಾಟಿ, ಕರುಳನ್ನು ಸೇರಿ, ಕಾಲಿನವರೆಗೆ ಹೋಗಲು ಬೆಲ್ಲಕ್ಕೆ ಒಂದು ನಿಮಿಷ ಸಾಲದು. 2004ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಂಶೋಧಕರು, ಸುಮಾರು ಒಂದು ಗಂಟೆ ಬಲವಾಗಿ ತುಳಿಯಬೇಕಾದ ಸವಾರರಿಗೆ ಸಿಹಿ ಅಷ್ಟಾಗಿ ತಿಳಿಯದ ಪಿಷ್ಟದ ನೀರನ್ನು ಕೊಟ್ಟು, ನುಂಗಗೊಡದೆ, ಬಾಯಿ ಮುಕ್ಕಳಿಸಿ ಉಗುಳಿಸಿದರು. ಒಂದು ಹನಿಯೂ ಹೊಟ್ಟೆಗೆ ಇಳಿಯದಿದ್ದರೂ, ಬರಿಯ ನೀರನ್ನು ಮುಕ್ಕಳಿಸಿ ತುಳಿದಾಗಿನದಕ್ಕಿಂತ ಅವರ ವೇಗ ನೂರಕ್ಕೆ ಮೂರರಷ್ಟು ಹೆಚ್ಚಾಯಿತು. ಪಿಷ್ಟ ಬಂದಿದೆಯೆಂದು ಬಾಯಿ ಕಳುಹಿದ ಸುದ್ದಿಗೇ ಮೆದುಳು ತನ್ನ ಬಿಗಿಮುಷ್ಟಿಯನ್ನು ತುಸು ಸಡಿಲಿಸುತ್ತದೆ. ಪವರ್‌ಲೈನಿನ ಬುಡದಲ್ಲಿ, ಹೊಟ್ಟೆ ತೊಳಸಿ ಏನನ್ನೂ ನುಂಗಲಾರದೆ ಸೈಕಲ್ ತಳ್ಳುವ ಸವಾರನೊಬ್ಬನು ಸಿಹಿನೀರನ್ನು ಬಾಯಲ್ಲಾಡಿಸಿ ಉಗುಳುವುದನ್ನು ಕಂಡರೆ, ಅವನು ನೀರನ್ನು ವ್ಯರ್ಥಮಾಡುತ್ತಿದ್ದಾನೆಂದು ತಿಳಿಯಬೇಕಾದುದಿಲ್ಲ. ಬೆಟ್ಟದ ದಾರಿಯಲ್ಲಿ ನಾನು ಎದ್ದು ನಿಂತಾಗ ಬೆಲ್ಲವು ನನ್ನ ನಾಲಗೆಯ ಮೇಲೆಯೇ ಇತ್ತು. ಬುಟ್ಟಿಯ ಹೆಂಗಸು ಆಗಲೇ ತಿರುವನ್ನು ದಾಟಿ ಹೋಗಿದ್ದಳು.